ದಾದರ್ ಬ್ರಿಜ್ ಮೇಲೆ ಕನ್ನಡ ಮಾತಾಡುವ ಹುಡುಗ, ಏನು ಮಾಡಲಿ?

ಕೇಳಿದವರು, ದಾದರ್:
ಒಂದು ವಾರದಿಂದ ಸ್ಟೇಷನ್ ಬ್ರಿಜ್ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಕಾಣಿಸುತ್ತಿದ್ದಾನೆ. ಮೊನ್ನೆ ನಾನು ಫೋನಿನಲ್ಲಿ ಮಾತಾಡುವುದು ಕೇಳಿ "ಅಕ್ಕಾ, ನೀ ಯಾವೂರಾಕಿ?" ಅಂದ. ಕಲಬುರಗಿ ಕಡೆಯ ಮಾತು. ಕೈಯಲ್ಲಿ ಒಂದು ಬಟ್ಟೆ, ಆಗಾಗ ಮೂಸುತ್ತಾನೆ. 50 ರೂಪಾಯಿ ಕೊಟ್ಟು ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಇಂಥ ಮಕ್ಕಳನ್ನು ಕಂಡವರು ನೀವೆಲ್ಲ ಏನು ಮಾಡಿದಿರಿ?

ಕುರ್ಲಾದಿಂದ:
ದುಡ್ಡು ಅವನ ಹತ್ತಿರ ಉಳಿಯುವುದಿಲ್ಲ. ಮಲಗಿದಾಗ ದೊಡ್ಡ ಹುಡುಗರು ಕಿತ್ತುಕೊಳ್ಳುತ್ತಾರೆ. ಅದಕ್ಕೇ ಈ ಮಕ್ಕಳು ಸಿಕ್ಕಿದ್ದನ್ನು ಕತ್ತಲಾಗುವುದರೊಳಗೆ ಖರ್ಚು ಮಾಡಿಬಿಡುತ್ತಾರೆ. ಬಟ್ಟೆಯಲ್ಲಿರುವುದು ಸಲ್ಯೂಷನ್, ಪಂಕ್ಚರ್ ಅಂಗಡಿಯ ಅಂಟು. ಇಲ್ಲವೇ ವೈಟ್ನರ್. ಮೂಸಿದರೆ ಹಸಿವು, ಚಳಿ, ಭಯ ಯಾವುದೂ ಗೊತ್ತಾಗುವುದಿಲ್ಲ. ಬೈದು ಕಿತ್ತುಕೊಂಡರೆ ನಾಳೆ ಅವನು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಊಟ ತಗೊಂಡು ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 24 ತಾಸೂ ಇರುತ್ತದೆ, ದುಡ್ಡಿಲ್ಲ. 1996ರಲ್ಲಿ ಈ ಸೇವೆ ಶುರುವಾದದ್ದೇ ಮುಂಬೈಯಲ್ಲಿ. ಪಾಪ ಅಂತ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು ಅಂತ ಕಾನೂನಿದೆ. ಆ ಹೊತ್ತಿಗೆ ನೀವೂ ಜೊತೆಗಿರಿ. ಅಲ್ಲಿ ಜಾಸ್ತಿ ಮರಾಠಿ, ಹಿಂದಿ. ಮಾತು ತಿಳಿಯದ ಮಗು ಸುಮ್ನೆ ತಲೆ ಆಡಿಸುತ್ತದೆ, ಅದನ್ನೇ ಬರೆದುಕೊಳ್ಳುತ್ತಾರೆ.

ನಾನು ಒಮ್ಮೆ ಒಬ್ಬನನ್ನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿ ಊರಿಗೆ ಕಳಿಸಿದೆ. ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ತಿಂಗಳೊಳಗೆ ಅದೇ ಪ್ಲಾಟ್‌ಫಾರಂ ಮೇಲೆ ಸಿಕ್ಕ, ಬೆನ್ನ ತುಂಬ ಬಾಸುಂಡೆ. ಮನೆ ಯಾಕೆ ಬಿಟ್ಟೆ ಅಂತ ನಾನು ಕೇಳಿಯೇ ಇರಲಿಲ್ಲ. ಈಗಲೂ ಅದು ನನ್ನನ್ನು ಬಿಟ್ಟಿಲ್ಲ. ಯಾವೂರು ಅನ್ನುವುದಕ್ಕಿಂತ ಮೊದಲು ಇದನ್ನು ಕೇಳಿ. ಅವನು ತಾನಾಗಿ ಹೇಳುವವರೆಗೆ ಕಾಯಿರಿ.

ಠಾಣೆ ನಗರದಿಂದ:
ಅವನು ಒಬ್ಬನೇನಾ, ಮೊದಲು ನೋಡಿ. ಅಪ್ಪ ಅಮ್ಮನ ಜೊತೆಗೇ ಬೀದಿಯಲ್ಲಿ ಇರುವ ಮಕ್ಕಳು ಬಹಳ. ನಮ್ಮ ತೀನ್ ಹಾತ್ ನಾಕಾದಲ್ಲಿ ಸಿಗ್ನಲ್ ಹತ್ತಿರ ಮಾರುವ ಮಕ್ಕಳಿಗೆ 2016ರಿಂದ ಫ್ಲೈಓವರ್ ಕೆಳಗೇ ಶಾಲೆ ನಡೆಯುತ್ತಿದೆ, ಕಂಟೇನರ್‌ಗಳಲ್ಲಿ. ಅಂಥವರಿಗೆ ಬೇಕಾದದ್ದು ಶಾಲೆ, ತಾಯಿಯಿಂದ ದೂರ ಮಾಡುವುದಲ್ಲ.

ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳನ್ನು ಸೇರಿಸಲು ಹೋದಾಗ ಶಾಲೆಯವರು ಜನನ ಪತ್ರ ಕೇಳಿ ವಾಪಸ್ ಕಳಿಸಿದರು. ವಯಸ್ಸಿನ ದಾಖಲೆ ಇಲ್ಲ ಅಂತ ಸೀಟು ನಿರಾಕರಿಸಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಪ್ರಿಂಟ್ ತೆಗೆದು ತೋರಿಸಿದ ಮೇಲೆ ಸೇರಿಸಿಕೊಂಡರು. ಮುಂಬೈ ಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸುತ್ತದೆ, ನೆನಪಿರಲಿ.

ಸಾಯನ್‌ನಿಂದ:
ಹುಡುಗಿಯಾಗಿದ್ದರೆ ನಾಳೆ ಅನ್ನಬೇಡಿ. ಕತ್ತಲಾಗುವ ಮೊದಲೇ ಫೋನ್ ಮಾಡಿ. ಫುಟ್‌ಪಾತ್ ಮೇಲೆ ಬೆಳೆದ ಒಬ್ಬಳು ನನಗೆ ಹೇಳಿದ್ದು: ರಾತ್ರಿ ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ಸಂಜೆಯಿಂದ ನೀರೇ ಕುಡಿಯುತ್ತಿರಲಿಲ್ಲವಂತೆ.

ಕೇಳಿದವರು, ದಾದರ್:
ಇವತ್ತು ಇಡ್ಲಿ ತಗೊಂಡು ಹೋಗಿದ್ದೆ. ಎರಡು ತಿಂದು ಎರಡು ಕಟ್ಟಿಟ್ಟುಕೊಂಡ. ಯಾರಿಗೆ ಅಂದೆ. "ತಮ್ಮಗ" ಅಂದ. ತಮ್ಮ ಕಂಬದ ಹಿಂದೆ ಮಲಗಿದ್ದ, ಆರು ವರ್ಷ ಇರಬಹುದು, ಮೈ ಸುಡುತ್ತಿತ್ತು. 1098ಕ್ಕೆ ಹೇಳಿದ್ದೇನೆ, ಇಬ್ಬರು ಅಂತ. ಅವರು ಬರುವವರೆಗೆ ಇಲ್ಲೇ ಕೂತಿದ್ದೇನೆ.