ಪದಚರ್ಚೆ: ‘ಕಂಟ್ರೋಲ್ ಗ್ರೂಪ್’ ಅಂದರೆ ನಿಯಂತ್ರಣವೋ, ತಾಳೆಯೋ?

ಪದಬಲ್ಲವರಿಗೆಲ್ಲ ನಮಸ್ಕಾರ.

ಮೂರು ವಾರದಿಂದ ಒಂದೇ ಪದ ಕಾಡುತ್ತಿದೆ: ‘ಕಂಟ್ರೋಲ್ ಗ್ರೂಪ್’. ಹೊಸ ಔಷಧದ ಪ್ರಯೋಗದಲ್ಲಿ, ಹೋಲಿಸಿ ನೋಡಲೆಂದು ಆ ಔಷಧ ಕೊಡದೆ ಇಡುವ ಗುಂಪು ಅದು. ‘ನಿಯಂತ್ರಣ ಗುಂಪು’ ಅಂತ ಇದೆಯಲ್ಲ ಮಾರಾಯರೆ, ಅದರಲ್ಲೇನು ಚರ್ಚೆ ಎನ್ನುವವರು ಸ್ವಲ್ಪ ತಾಳಿಕೊಂಡು ಓದಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ನಾನು ಬ್ಯಾಂಕಿನಲ್ಲಿ 32 ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಈಗ ಬೆಂಗಳೂರಿನ ಒಂದು ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ ಕೂರುತ್ತೇನೆ. ಮನುಷ್ಯರ ಮೇಲೆ ಹೊಸ ಔಷಧದ ಪ್ರಯೋಗ ಮಾಡಬೇಕಾದರೆ ಇಂಥದೊಂದು ಸಮಿತಿ ಒಪ್ಪಬೇಕು. ಅದರಲ್ಲಿ ಡಾಕ್ಟರು, ವಕೀಲರ ಜೊತೆಗೆ ಒಬ್ಬ ‘ಸಾಮಾನ್ಯ ವ್ಯಕ್ತಿ’ಯೂ ಇರಲೇಬೇಕೆಂಬ ನಿಯಮವಿದೆ. ಆ ಸಾಮಾನ್ಯ ವ್ಯಕ್ತಿ ನಾನು. (ಮನೆಯಲ್ಲಿ ಈ ನೇಮಕದ ಸುದ್ದಿ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.) ಪ್ರಯೋಗಕ್ಕೆ ಬರುವವರ ಕೈಗೆ ಕೊಡುವ ಮಾಹಿತಿ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕ ಪದಗಳ ಹೊರೆಯಿಲ್ಲದೆ ಇರಬೇಕು ಅಂತ 2019ರ ಔಷಧ ಪ್ರಯೋಗದ ನಿಯಮಗಳು ಹೇಳುತ್ತವೆ. ಹಾಗಾಗಿ ಕನ್ನಡದ ಪತ್ರ ಬಂದಾಗಲೆಲ್ಲ ಎಲ್ಲರೂ ನನ್ನ ಕಡೆಗೆ ತಳ್ಳುತ್ತಾರೆ.

ಈ ಸಲ ಬಂದದ್ದು ಸಕ್ಕರೆ ಕಾಯಿಲೆಯ ಮಾತ್ರೆಯೊಂದರದು. ಅದರಲ್ಲಿ ಒಂದು ವಾಕ್ಯ: ‘ನಿಮ್ಮನ್ನು ಚಿಕಿತ್ಸಾ ಗುಂಪಿಗೆ ಅಥವಾ ನಿಯಂತ್ರಣ ಗುಂಪಿಗೆ ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು.’ ‘ಯಾದೃಚ್ಛಿಕ’ವನ್ನು ಕಂಡಕೂಡಲೇ ಹೊಡೆದುಹಾಕಿ ‘ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ’ ಅಂತ ಬರೆದೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ‘ನಿಯಂತ್ರಣ ಗುಂಪ’ನ್ನು ಮಾತ್ರ ಹಾಗೇ ಬಿಟ್ಟಿದ್ದೆ.

ಆಮೇಲೆ ಸಂಜೆ ಕಾಫಿ ಕುಡಿಯುವಾಗ ಅತ್ತಿಗೆಯನ್ನು ಕೇಳಿದೆ. ಸಮಿತಿಯ ಕಾಗದ ತೋರಿಸುವ ಹಾಗಿಲ್ಲ, ತೋರಿಸಲೂ ಇಲ್ಲ. ಬರೀ ಪದ ಹೇಳಿದೆ. ಅವರಿಗೆ 15 ವರ್ಷದಿಂದ ಶುಗರ್ ಇದೆ. “ಅತ್ತಿಗೆ, ಒಂದು ಚಿಕಿತ್ಸಾ ಗುಂಪು, ಒಂದು ನಿಯಂತ್ರಣ ಗುಂಪು ಅಂತಿಟ್ಕೊಳ್ಳಿ. ನಿಮ್ಮನ್ನ ಯಾವುದಕ್ಕೆ ಹಾಕ್ಬೇಕು?”

“ನಿಯಂತ್ರಣದ್ದಕ್ಕೇ ಹಾಕಪ್ಪ. ಅಲ್ಲಿ ಊಟ ತಿಂಡಿ ಎಲ್ಲ ಕಟ್ಟುನಿಟ್ಟಾಗಿ ನೋಡ್ಕೊಂಡು ಶುಗರ್ ಕಂಟ್ರೋಲಿಗೆ ತರ್ತಾರಲ್ವಾ? ಮಾತ್ರೆ ನುಂಗಿ ನುಂಗಿ ಸಾಕಾಗಿದೆ.”

ತಪ್ಪು ಅತ್ತಿಗೆಯದಲ್ಲ. ಕನ್ನಡದಲ್ಲಿ ‘ನಿಯಂತ್ರಣ’ ಅಂದರೆ ಹತೋಟಿ, ಅಂಕೆ, ಕಡಿವಾಣ. ಜನಸಂಖ್ಯಾ ನಿಯಂತ್ರಣ, ಸಂಚಾರ ನಿಯಂತ್ರಣ, ಮಾಲಿನ್ಯ ನಿಯಂತ್ರಣ ಮಂಡಳಿ. ಯಾವುದೋ ಒಂದು ಹದ್ದು ಮೀರುತ್ತಿರುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ನಿಯಂತ್ರಣ. ಪ್ರಯೋಗದ ಈ ಗುಂಪಿನವರನ್ನು ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಹೊಸ ಔಷಧ ಕೊಡುವುದಿಲ್ಲ, ಅಷ್ಟೇ. ನಾಳೆ ಫಲಿತಾಂಶ ಬರೆಯುವಾಗ ‘ನಿಯಂತ್ರಣ ಗುಂಪಿನವರ ಸಕ್ಕರೆ ಪ್ರಮಾಣ ನಿಯಂತ್ರಣಕ್ಕೆ ಬರಲಿಲ್ಲ’ ಅಂತ ಬರೆಯಬೇಕಾಗುತ್ತದೆ. ವಿಜ್ಞಾನದ ಲೆಕ್ಕದಲ್ಲಿ ಸರಿಯಾದ ವಾಕ್ಯವೇ. ಓದುವವರಿಗೆ ಮಾತ್ರ ಹಾಸ್ಯ.

ಹಾಗಾದರೆ ಇಂಗ್ಲಿಷಿನವರಿಗೆ ಆ ಪದ ಎಲ್ಲಿಂದ ಬಂತು ಅಂತ ಹುಡುಕಿದೆ. ಇದು ನನಗೆ ತುಂಬ ಖುಷಿ ಕೊಟ್ಟ ಭಾಗ, ಸ್ವಲ್ಪ ಉದ್ದವಾದರೆ ಕ್ಷಮಿಸಿ. ಅದರ ಬೇರು ಹಳೆಯ ಫ್ರೆಂಚಿನ ‘ಕಾಂತ್ರ್‌ರೋಲ್’. ‘ಕಾಂತ್ರ್’ ಅಂದರೆ ಎದುರು, ‘ರೋಲ್’ ಅಂದರೆ ಸುರುಳಿ. ಆಗಿನ ಕಾಲದಲ್ಲಿ ಲೆಕ್ಕಪತ್ರವನ್ನು ಸುರುಳಿಯಲ್ಲಿ ಬರೆಯುತ್ತಿದ್ದರು. ಒಬ್ಬ ಬರೆದ ಲೆಕ್ಕಕ್ಕೆ ಇನ್ನೊಬ್ಬನ ಹತ್ತಿರ ಎದುರು ಸುರುಳಿ ಇರುತ್ತಿತ್ತು. ಎರಡನ್ನೂ ಪಕ್ಕಪಕ್ಕ ಬಿಚ್ಚಿ, ಸಾಲಿಗೆ ಸಾಲು ಹೋಲಿಸಿದರೆ ಎಲ್ಲಿ ಹೆಚ್ಚುಕಮ್ಮಿಯಾಗಿದೆ ಎಂಬುದು ಗೊತ್ತಾಗುತ್ತಿತ್ತು. ಪರೀಕ್ಷಿಸು ಎಂಬ ಅರ್ಥ ಮೊದಲು. ಹತೋಟಿ, ಅಂಕೆ ಎಂಬ ಅರ್ಥ ಬಂದದ್ದು ಆಮೇಲೆ. ಇವತ್ತಿಗೂ ಫ್ರೆಂಚರ ‘ಕಾಂತ್ರೋಲ್’ ಅಂದರೆ ತಪಾಸಣೆ. ರೈಲಿನಲ್ಲಿ ಟಿಕೆಟ್ ನೋಡುವವನಿಗೆ ಅವರು ‘ಕಾಂತ್ರೋಲರ್’ ಅನ್ನುತ್ತಾರೆ. ನಮ್ಮ ಸಂವಿಧಾನದ ‘ಕಂಪ್ಟ್ರೋಲರ್’ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ) ಕೂಡ ಇದೇ ವಂಶದವರು. ಅವರನ್ನು ಕನ್ನಡದಲ್ಲಿ ‘ನಿಯಂತ್ರಕರು’ ಅಂತ ಕರೆದು ಅಲ್ಲೂ ಇದೇ ಎಡವಟ್ಟು ಮಾಡಿಕೊಂಡಿದ್ದೇವೆ, ಆ ಮಾತು ಇನ್ನೊಂದು ದಿನಕ್ಕಿರಲಿ. (ಕನ್ನಡದ ‘ಪ್ರತಿ’ಗೆ ನಕಲು ಅಂತಲೂ ಅರ್ಥ, ಎದುರು ಅಂತಲೂ ಅರ್ಥ. ಎದುರು ಸುರುಳಿಯನ್ನು ಒಂದೇ ಮಾತಲ್ಲಿ ಹೇಳಿದ ಹಾಗಿದೆ.)

ಇದನ್ನು ಓದಿದಾಗ ನನಗೆ ನೆನಪಾದದ್ದು ಬ್ಯಾಂಕಿನ ಸಂಜೆಗಳು. ಕಂಪ್ಯೂಟರ್ ಬರುವ ಮುಂಚೆ ಕ್ಯಾಷಿಯರ್ ಪುಸ್ತಕವನ್ನೂ ಕೌಂಟರಿನ ವೋಚರುಗಳನ್ನೂ ಎದುರುಬದುರು ಇಟ್ಟು ಇಬ್ಬರು ಕೂರುತ್ತಿದ್ದೆವು. ಒಬ್ಬ ಓದುತ್ತಿದ್ದ, ಇನ್ನೊಬ್ಬ ಕೆಂಪು ಪೆನ್ಸಿಲಿನಿಂದ ಟಿಕ್ ಹಾಕುತ್ತಿದ್ದ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಕೊನೇ ಬಸ್ಸು ತಪ್ಪಿತು ಅಂತಲೇ ಲೆಕ್ಕ. ಆ ಕೆಲಸಕ್ಕೆ ನಮ್ಮಲ್ಲಿ ಇದ್ದ ಹೆಸರು ‘ತಾಳೆ ನೋಡೋದು’. ಶಾನುಭೋಗರ ಕಾಲದ ಮಾತು. ಕಿರಾಣಿ ಅಂಗಡಿಯವರೂ ಅನ್ನುತ್ತಾರೆ. ಕನ್ನಡದಲ್ಲಿ ವಾಣಿಜ್ಯ ಓದಿದವರಿಗೆ ‘ತಾಳೆಪಟ್ಟಿ’ (ಟ್ರಯಲ್ ಬ್ಯಾಲೆನ್ಸ್) ಗೊತ್ತೇ ಇರುತ್ತದೆ.

ಇನ್ನು ಪ್ರಯೋಗಕ್ಕೆ ಬನ್ನಿ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಎಂಬ ಕ್ಷಯದ ಔಷಧದ ಪ್ರಯೋಗವನ್ನು ಈ ವಿದ್ಯೆಗೆ ಅಡಿಗಲ್ಲು ಅನ್ನುತ್ತಾರೆ. ಅದರ ಲೆಕ್ಕಾಚಾರ ರೂಪಿಸಿದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಶ್ವಾಸಕೋಶದ ಕ್ಷಯವಿದ್ದ 107 ಜನ. ಯಾರು ಯಾವ ಗುಂಪಿಗೆ ಎಂಬುದನ್ನು ಮುಚ್ಚಿದ ಲಕೋಟೆಗಳು ತೀರ್ಮಾನಿಸಿದವು. 55 ಜನರಿಗೆ ಹೊಸ ಔಷಧ ಮತ್ತು ಹಾಸಿಗೆಯ ವಿಶ್ರಾಂತಿ, ಉಳಿದ 52 ಜನರಿಗೆ ಬರೀ ವಿಶ್ರಾಂತಿ. ಯುದ್ಧ ಮುಗಿದ ಹೊಸತು, ಎಲ್ಲರಿಗೂ ಕೊಡುವಷ್ಟು ಔಷಧ ದೇಶದಲ್ಲಿ ಇರಲೂ ಇಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಜನ ತೀರಿಕೊಂಡರು, ಎರಡನೆಯದರಲ್ಲಿ 14 ಜನ.

ಎರಡನೇ ಗುಂಪು ಇಲ್ಲ ಅಂತಿಟ್ಟುಕೊಳ್ಳಿ. ‘55ರಲ್ಲಿ 51 ಜನ ಉಳಿದರು, ಔಷಧದ ಮಹಿಮೆ’ ಅಂತ ಡಂಗುರ ಹೊಡೆಯಬಹುದಿತ್ತು. ಆದರೆ ಆ ಔಷಧ ಕೊಡದ 52ರಲ್ಲೂ 38 ಜನ ಉಳಿದಿದ್ದಾರಲ್ಲ! ಹಾಗಾಗಿ ಮಹಿಮೆ ಎಷ್ಟು, ತನ್ನಷ್ಟಕ್ಕೆ ಆಗುತ್ತಿದ್ದುದು ಎಷ್ಟು ಎಂಬುದನ್ನು ಎದುರಿನ ಪುಸ್ತಕ ತೆರೆದೇ ಹೇಳಬೇಕು. ಆ 52 ಜನ ಎದುರು ಪುಸ್ತಕ. ಅವರನ್ನು ‘ನಿಯಂತ್ರಣ’ ಅನ್ನುವುದು ನನಗೆ ಈಗ ಸುತರಾಂ ಒಪ್ಪಿಗೆಯಾಗುತ್ತಿಲ್ಲ. ಅದರ ಬದಲು ‘ತಾಳೆ ಗುಂಪು’ ಅಂದರೆ ಹೇಗೆ ಎಂಬುದು ನನ್ನ ಸೂಚನೆ.

ಔಷಧಕ್ಕೆ ಮಾತ್ರ ಬೇಕಾದ ಪದವೂ ಅಲ್ಲ ಇದು. ಮನಶ್ಶಾಸ್ತ್ರದವರು ಅರ್ಧ ಜನರಿಗೆ ಈಗ ಆಪ್ತಸಮಾಲೋಚನೆ ಕೊಟ್ಟು, ಉಳಿದರ್ಧವನ್ನು ಕಾಯುವ ಪಟ್ಟಿಯಲ್ಲಿ ಇಡುತ್ತಾರೆ. ಅರ್ಥಶಾಸ್ತ್ರದವರು ಕೆಲವು ಶಾಲೆಗೆ ಹೆಚ್ಚುವರಿ ಟೀಚರ್ ಕೊಟ್ಟು ಕೆಲವಕ್ಕೆ ಕೊಡದೆ ನೋಡುತ್ತಾರೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರ ನೊಬೆಲ್ ಬಂದದ್ದು ಈ ಬಗೆಯ ಕೆಲಸಕ್ಕೇ. ಔಟರ್ ರಿಂಗ್ ರೋಡಿನಲ್ಲಿ ಆ್ಯಪ್ ಕಟ್ಟುವ ನನ್ನ ಅಕ್ಕನ ಮಗನೂ ‘ಕಂಟ್ರೋಲಿಗೆ ಹಳೇ ಸ್ಕ್ರೀನ್ ಬಿಟ್ಟಿದೀವಿ ಮಾವ’ ಅನ್ನುತ್ತಾನೆ. ಒಂದು ಕನ್ನಡ ಪದ ಸಿಕ್ಕರೆ ಎಲ್ಲ ಕಡೆಗೂ ಆದೀತು.

ಬೇರೆ ಪದಗಳನ್ನು ತೂಗಿ ನೋಡದೆ ಬರೆಯುತ್ತಿಲ್ಲ. ‘ಹೋಲಿಕೆ ಗುಂಪು’ ಚೆನ್ನಾಗಿದೆ, ಬಹುಮತ ಅದಕ್ಕೇ ಬಂದರೆ ನಾನು ಹಟ ಹಿಡಿಯುವುದಿಲ್ಲ. ಆದರೆ ‘ಹೋಲಿಕೆ’ ಅಂದಾಗ ‘ಮಗು ಅಪ್ಪನ ಹೋಲಿಕೆ’ ಅನ್ನುವ ಅರ್ಥ ಮುಂದೆ ಬರುತ್ತದೆ. ‘ತುಲನಾ ಗುಂಪು’ ಪ್ರಬಂಧಕ್ಕೆ ಸರಿ, ಅತ್ತಿಗೆಗೆ ಬೇಡ. ‘ಸಾಮಾನ್ಯ ಗುಂಪು’ ಅಂತ ಒಬ್ಬರು ಸೂಚಿಸಿದರು. ಹಾಗಂದರೆ ಇನ್ನೊಂದು ವಿಶೇಷ ಗುಂಪು ಅನಿಸಿ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ‘ಒರೆಗುಂಪು’ ನನಗೆ ಇಷ್ಟ, ಆದರೆ ಒರೆಗಲ್ಲು ನೋಡಿದವರು ಈಗ ಚಿನ್ನದಂಗಡಿಯಲ್ಲೂ ಕಮ್ಮಿ.

‘ತಾಳೆ ಗುಂಪ’ಲ್ಲೂ ಎರಡು ತೊಡಕಿದೆ, ನಾನೇ ಹೇಳಿಬಿಡುತ್ತೇನೆ. ಒಂದು, ತಾಳೆ ಎಣ್ಣೆ. ಕೊಬ್ಬಿನಂಶದ ಮೇಲೆ ನಡೆಯುವ ಪ್ರಯೋಗದಲ್ಲಿ ‘ತಾಳೆ ಗುಂಪು’ ಅಂದರೆ ಪಾಮಾಯಿಲ್ ಕುಡಿಸುವ ಗುಂಪು ಅಂತ ಜನ ಓಡಿಹೋದಾರು. ಎರಡನೆಯದು ಸ್ವಲ್ಪ ಗಹನ. ಬ್ಯಾಂಕಿನಲ್ಲಿ ಎರಡು ಲೆಕ್ಕವೂ ಒಂದಾಗಲಿ ಅಂತಲೇ ತಾಳೆ ನೋಡುತ್ತಿದ್ದೆವು. ಪ್ರಯೋಗದಲ್ಲಿ ಎರಡು ಲೆಕ್ಕ ಒಂದಾದರೆ ಔಷಧ ಕೆಲಸ ಮಾಡಲಿಲ್ಲ ಅಂತ! ಅಲ್ಲಿ ತಾಳೆ ತಪ್ಪಿದರೇ ಹಬ್ಬ. ಇದಕ್ಕೆ ನಾನು ಕಂಡುಕೊಂಡ ಸಮಾಧಾನ ಇಷ್ಟು: ತಾಳೆ ‘ನೋಡು’ವುದು ಬೇರೆ, ತಾಳೆ ‘ಆಗು’ವುದು ಬೇರೆ. ನಾವು ಹೆಸರಿಡುತ್ತಿರುವುದು ನೋಡುವ ಕ್ರಿಯೆಗೆ. ಇದು ವಕೀಲಿ ವಾದ ಅನಿಸಿದರೆ ನಿಸ್ಸಂಕೋಚವಾಗಿ ಹೇಳಿ.

ಅದೇ ಪತ್ರದಲ್ಲಿ ಇನ್ನೊಂದು ಪದ, ‘ಪ್ಲಾಸಿಬೊ’ಗೆ ‘ಸಕ್ಕರೆ ಮಾತ್ರೆ’ ಅಂತ ಹಾಕಿದ್ದರು. ಬೆಂಗಳೂರಿನ ಯಾವ ಮನೆಯಲ್ಲಾದರೂ ‘ಶುಗರ್ ಮಾತ್ರೆ ತಗೊಂಡ್ರಾ?’ ಅಂದರೆ ಸಕ್ಕರೆ ಕಾಯಿಲೆಗೆ ತೆಗೆದುಕೊಳ್ಳುವ ಔಷಧ. ಔಷಧವೇ ಇಲ್ಲದ ಮಾತ್ರೆಗೆ ಔಷಧದ ಹೆಸರು! ‘ಹುಸಿ ಮಾತ್ರೆ’ ಅಂದರೆ ಮೋಸದ ವಾಸನೆ. ಸದ್ಯಕ್ಕೆ ‘ಔಷಧವಿಲ್ಲದ, ನೋಡಲು ಹಾಗೇ ಇರುವ ಮಾತ್ರೆ’ ಅಂತ ಉದ್ದಕ್ಕೆ ಬರೆದಿದ್ದೇನೆ. ಚಿಕ್ಕದಾಗಿ ಹೇಳುವ ದಾರಿ ಗೊತ್ತಿದ್ದರೆ ತಿಳಿಸಿ.

ಮುಖ್ಯ ಪ್ರಶ್ನೆ ‘ತಾಳೆ’ಯದೇ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಲೆಕ್ಕ ಹೊಂದಿಸಿ ನೋಡುವುದಕ್ಕೆ ಏನನ್ನುತ್ತೀರಿ? ‘ತಾಳೆ’ ಅಲ್ಲಿ ನಡೆಯುತ್ತದೆಯೇ, ಅಥವಾ ಇದು ನಮ್ಮ ಹಳೇ ಮೈಸೂರಿನ ಸೀಮೆಗೆ ಸೀಮಿತವೇ? ಮಾಹಿತಿ ಪತ್ರ ಬೀದರಿನಿಂದ ಬಂದ ರೋಗಿಯ ಕೈಗೂ ಹೋಗುತ್ತದೆ.

ನಿನ್ನೆ ಅತ್ತಿಗೆಗೆ ಬೇರೆ ಥರ ಹೇಳಿ ನೋಡಿದೆ. “ಒಂದು ಗುಂಪಿಗೆ ಹೊಸ ಮಾತ್ರೆ ಕೊಡ್ತಾರೆ. ತಾಳೆ ನೋಡೋಕೆ ಅಂತ ಇನ್ನೊಂದು ಗುಂಪು ಇಟ್ಕೋತಾರೆ.”

ಲೋಟ ಕೆಳಗಿಟ್ಟರು. “ಅಂದ್ರೆ ನನಗೆ ಹೊಸ ಮಾತ್ರೆ ಸಿಗದೇನೂ ಇರಬಹುದು ಅನ್ನು.”

“ಹೌದು.”

“ಅದನ್ನ ಮೊದಲೇ ಹೇಳ್ಬೇಕು ತಾನೆ?”

ಸಮಿತಿ ಸೇರುವುದು ಬರುವ ಎರಡನೇ ಶನಿವಾರ. ಅದಕ್ಕೆ ಮುಂಚೆ ಯಾರಾದರೂ ಬರೆದರೆ ಉಪಕಾರ.