ರಾಣಿ ಆನ್ ನಾಣ್ಯದ ಮೇಲೆ 'ವೀಗೊ' ಯಾಕೆ?

ಪ್ರಶ್ನೆ (ಹಳೇನಾಣ್ಯ):
ಹರಾಜಿನ ಕ್ಯಾಟಲಾಗ್‌ನಲ್ಲಿ ಇಂಗ್ಲೆಂಡಿನ 1703ರ ಐದು ಗಿನಿ ಮೌಲ್ಯದ ಒಂದು ಚಿನ್ನದ ನಾಣ್ಯ ನೋಡಿದೆ (ಗಿನಿ ಅಂದರೆ ಅಲ್ಲಿನ ಹಳೆಯ ಚಿನ್ನದ ನಾಣ್ಯ). ರಾಣಿ ಆನ್ ಮುಖದ ಕೆಳಗೆ VIGO ಎಂದಿದೆ. ಅದು ಸ್ಪೇನಿನ ಊರು ಅಲ್ವಾ? ಇಷ್ಟು ಅಪರೂಪ ಯಾಕೆ?

ಉತ್ತರ (ಟಂಕಸಾಲೆ):
ನನಗೆ ತುಂಬಾ ಇಷ್ಟವಾದ ನಾಣ್ಯ ಇದು! 1702ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ಮತ್ತು ಡಚ್ ನೌಕಾಪಡೆಗಳು ಸ್ಪೇನಿನ ಅದೇ ವೀಗೊ ಊರಿನ ಕೊಲ್ಲಿಯಲ್ಲಿ, ಅಮೆರಿಕದಿಂದ ಬೆಳ್ಳಿ ಚಿನ್ನ ತಂದಿದ್ದ ಸ್ಪೇನಿನ ನಿಧಿ ಹಡಗುಗಳ ಮೇಲೆ ಬಿದ್ದವು. ಕಾವಲಿಗೆ ಫ್ರೆಂಚ್ ಹಡಗುಗಳಿದ್ದವು. ಆದರೆ ದಾಳಿಗೆ ಮೊದಲೇ ಹೆಚ್ಚಿನ ಬೆಳ್ಳಿಯನ್ನು ಸ್ಪೇನಿನವರು ದಡಕ್ಕೆ ಇಳಿಸಿಬಿಟ್ಟಿದ್ದರು. ಲಂಡನ್ ಟಂಕಸಾಲೆಗೆ ಬಂದ ಬೆಳ್ಳಿ ಸುಮಾರು 4,500 ಪೌಂಡ್ ತೂಕ (ಚಿನ್ನ ಬೆಳ್ಳಿ ತೂಗುವ ಟ್ರಾಯ್ ಪೌಂಡ್, ಒಂದಕ್ಕೆ ಸುಮಾರು 373 ಗ್ರಾಂ). ಚಿನ್ನ ಬರೀ ಏಳೂವರೆ ಪೌಂಡ್ ಚಿಲ್ಲರೆ! ಆಗ ಅಲ್ಲಿನ ಮುಖ್ಯಸ್ಥ ಐಸಾಕ್ ನ್ಯೂಟನ್, ಹೌದು, ಅದೇ ನ್ಯೂಟನ್. ಆ ಲೋಹದಿಂದ ಮಾಡಿದ ನಾಣ್ಯಗಳ ಮೇಲೆ ಗೆಲುವಿನ ಗುರುತಾಗಿ VIGO ಅಚ್ಚು ಹಾಕಿದರು.

ಪ್ರಶ್ನೆ (ಹಳೇನಾಣ್ಯ):
ಅಷ್ಟು ಚಿನ್ನದಲ್ಲಿ ಎಷ್ಟು ನಾಣ್ಯ ಬರುತ್ತದೆ?

ಉತ್ತರ (ಟಂಕಸಾಲೆ):
ಐದು ಗಿನಿಯ ತೂಕ 41 ಗ್ರಾಂ ಮೇಲೆ, 22 ಕ್ಯಾರೆಟ್. ಇದ್ದ ಚಿನ್ನವನ್ನೆಲ್ಲ ಇದಕ್ಕೇ ಬಳಸಿದರೂ 75 ದಾಟುತ್ತಿರಲಿಲ್ಲ. ಅದರಲ್ಲೇ ಗಿನಿ, ಅರ್ಧ ಗಿನಿಗಳನ್ನೂ ಮಾಡಿದ್ದಾರೆ. ಈಗ ಉಳಿದಿರುವ ಐದು ಗಿನಿಗಳು ಬೆರಳೆಣಿಕೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಉತ್ತರ (ಬೆಳ್ಳಿಕಾಸು):
ಸಂಗ್ರಹಕ್ಕೆ VIGO ಬೇಕೆಂದರೆ ಬೆಳ್ಳಿಯಲ್ಲಿ ಹುಡುಕಿ. ಶಿಲ್ಲಿಂಗ್, ಆರು ಪೆನ್ಸ್, ಕ್ರೌನ್ ಎಂಬ ಬೆಳ್ಳಿ ನಾಣ್ಯಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಚಿನ್ನದ್ದು ಅಗ್ಗಕ್ಕೆ ಸಿಕ್ಕರೆ ದಯವಿಟ್ಟು ಮೊದಲು ತೂಕ ನೋಡಿ, ತಿಳಿದವರಿಗೆ ತೋರಿಸಿ.