‘ಸೈಲೆಂಟ್ ಲೆಟರ್’ಗೆ ಕನ್ನಡದಲ್ಲಿ ಏನಂತೀರಿ?

ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಬರೆದರೂ ಉಚ್ಚರಿಸದ ಅಕ್ಷರಗಳಿವೆಯಲ್ಲ, ಅವಕ್ಕೆ ಕನ್ನಡದಲ್ಲಿ ಬಳಕೆಯ ಹೆಸರೇನಾದರೂ ಇದೆಯಾ? ‘ಮೂಕಾಕ್ಷರ’, ‘ಮೌನಾಕ್ಷರ’ ಎರಡನ್ನೂ ಕೇಳಿದ್ದೇನೆ. ಎರಡೂ ಪೂರ್ತಿ ಒಗ್ಗುತ್ತಿಲ್ಲ.

ಪ್ರಶ್ನೆ ಎಬ್ಬಿಸಿದವಳು ಅಕ್ಕನ ಮಗಳು. ಸೆಕೆಂಡ್ ಪಿಯುಸಿ, ಕಾಮರ್ಸ್. ಈಗ ‘ಸ್ಟಡಿ ಹಾಲಿಡೇಸ್’ ಅಂತ ನಮ್ಮನೆಯಲ್ಲಿದ್ದಾಳೆ. (ಓದೋದೇ ಆದರೆ ಅದು ರಜೆ ಹೇಗಾಯ್ತು ಅನ್ನೋದು ಬೇರೆಯೇ ಚರ್ಚೆ. ಧಾರವಾಡದ ಕಡೆಯವರು ‘ಸೂಟಿ’ ಅಂದರೂ ಓದೇನೂ ಕಮ್ಮಿಯಾಗಲ್ಲ.) ಅಕೌಂಟೆನ್ಸಿ ಪುಸ್ತಕ ಹಿಡಿದು ಕೂತವಳು, “ಮಾವ, ಡೆಬಿಟ್‌ನಲ್ಲಿ ಬಿ ಬಾಯಿ ಬಿಡುತ್ತೆ, ಡೆಟ್‌ನಲ್ಲಿ ಯಾಕೆ ಸುಮ್ನಿರುತ್ತೆ? ಸಾಲ ಮಾಡಿದ್ದಕ್ಕೆ ನಾಚಿಕೆನಾ?” ಅಂದಳು.

ಅಸಲಿಗೆ ಡೆಟ್‌ನಲ್ಲಿ ಆ ಬಿ ಇರಲೇ ಇಲ್ಲ. ಪದ ಫ್ರೆಂಚಿನಿಂದ ಬಂದಾಗ ಅದಿಲ್ಲದೇ ಬಂತು. ಆಮೇಲೆ ಪಂಡಿತರು, ಇದರ ಮೂಲ ಲ್ಯಾಟಿನ್ನಿನ ‘ದೇಬಿತುಮ್’ ಅಲ್ವಾ, ಅದು ಕಾಣಬೇಕು ಅಂತ ಬಿ ತುರುಕಿದರು. ಜನ ಬಾಯಲ್ಲಿ ಅದನ್ನು ಸೇರಿಸಿಕೊಳ್ಳಲಿಲ್ಲ. ರಿಸೀಟ್‌ನ ಪಿ ಕೂಡ ಹೀಗೇ ಲ್ಯಾಟಿನ್ ನೆನಪಿಗೆ ಅಂತ ಬಂದದ್ದು. ತಮಾಷೆ ಅಂದ್ರೆ, ಅದರದ್ದೇ ಬಳಗದ ಡಿಸೀಟ್‌ಗೆ ಪಿ ಉಳಿಯಲಿಲ್ಲ. ರಸೀದಿ ಕೊಟ್ಟವನಿಗೆ ಒಂದು ಅಕ್ಷರ ಜಾಸ್ತಿ, ಮೋಸ ಮಾಡಿದವನಿಗೆ ಕಡಿಮೆ! ಐಲ್ಯಾಂಡ್‌ನ ಎಸ್ ಇನ್ನೂ ಮಜಾ. ಅದಕ್ಕೂ ‘ಐಲ್’ ಅನ್ನೋ ಪದಕ್ಕೂ ನಂಟೇ ಇಲ್ಲ. ತಪ್ಪು ತಿಳಿದು ಅಂಟಿಸಿದ್ದು.

ಇವೆಲ್ಲ ಹುಟ್ಟು ಮೂಕರು. ಇವಕ್ಕೆ ‘ಮೂಕಾಕ್ಷರ’ ಸರಿಹೋಗುತ್ತೆ. ಆದರೆ ನೈಫ್, ನೀ ಪದಗಳ ಮೊದಲ ಕೆ ಹಾಗಲ್ಲ. ಅದು ಒಂದು ಕಾಲಕ್ಕೆ ಚೆನ್ನಾಗಿಯೇ ಮಾತಾಡುತ್ತಿತ್ತು. ಜರ್ಮನ್ನರು ಮೊಣಕಾಲಿಗೆ ಈಗಲೂ ‘ಕ್ನೀ’ ಅಂತಲೇ ಅನ್ನುತ್ತಾರೆ. ಇಂಗ್ಲಿಷಿನವರ ನಾಲಿಗೆ ಅದನ್ನು ಬಿಟ್ಟಿತು, ಕೈ ಬಿಡಲಿಲ್ಲ. ಮಾತು ಬರುತ್ತಿದ್ದು ಈಗ ಸುಮ್ಮನಾದದ್ದನ್ನು ಮೂಕ ಅನ್ನೋದು ಹೇಗೆ? ‘ಮೌನಾಕ್ಷರ’ ಬೇಕಾದರೆ ಇದಕ್ಕೆ ಇರಲಿ.

ನನ್ನ ನಿಜವಾದ ತಕರಾರು ಮೂರನೇ ಬಗೆಯದು. ಕೆ ಐ ಟಿ ಬರೆದರೆ ಕಿಟ್. ಕೊನೆಗೊಂದು ಇ ಸೇರಿಸಿದರೆ ಕೈಟ್. ಆ ಇ ಬಾಯಿ ಬಿಡುವುದಿಲ್ಲ, ನಿಜ. ಆದರೆ ‘ಕಿ’ಯನ್ನು ‘ಕೈ’ ಮಾಡಿದ್ದು ಅದೇ ತಾನೇ? ನಮ್ಮಲ್ಲಿ ಕ-ಕಾರಕ್ಕೆ ಐತ್ವ ಕೊಟ್ಟು ಮಾಡುವ ಕೆಲಸವನ್ನು ಅದು ಒಂದು ಮನೆ ಆಚೆ ಕೂತು ಮಾಡುತ್ತೆ. ಹಾಪ್ ಪದವನ್ನು ಹೋಪ್ ಮಾಡುವಾಗಲೂ ಅಷ್ಟೇ, ಅದು ನಮ್ಮ ಓತ್ವ, ದೀರ್ಘಗಳ ಕೆಲಸ. ಇದನ್ನು ಮೂಕ ಅನ್ನೋದಕ್ಕಿಂತ ಗುಣಿತದ ಚಿಹ್ನೆ ಅನ್ನೋದೇ ವಾಸಿ. ಹಾಗಂತ ನಂಬಿ ಕೂರೋ ಹಾಗೂ ಇಲ್ಲ. ಗಿವ್, ಹ್ಯಾವ್ ಪದಗಳಲ್ಲಿ ಅದೇ ಇ ಕೊನೆಯಲ್ಲಿ ಕೈಕಟ್ಟಿ ಕೂತಿರುತ್ತೆ. ಸ್ವರಕ್ಕೆ ಏನೂ ಮಾಡಲ್ಲ.

ಇದರ ಜೊತೆಗೇ ಇನ್ನೊಂದು ಅನುಮಾನ. ಪತ್ರಿಕೆಗಳಲ್ಲಿ ಸ್ಪೆಲಿಂಗ್ ತಪ್ಪಿಗೆ ‘ಕಾಗುಣಿತ ತಪ್ಪು’ ಅಂತ ಬರೆಯುತ್ತಾರೆ. ಕನ್ನಡಕ್ಕೆ ಸರಿ. ದನ ಬರೆಯೋ ಕಡೆ ಧನ ಬರೆದರೆ ನಾವೂ ಮಾರ್ಕ್ಸ್ ಕಳಕೊಂಡವರೇ. ಆದರೆ ಕ ಕಾ ಕಿ ಕೀ ಗೊತ್ತಿದ್ದ ಮಗು ಯಾವ ಹೊಸ ಪದವನ್ನಾದರೂ ಗಟ್ಟಿಯಾಗಿ ಓದಬಲ್ಲದು. ಇಂಗ್ಲಿಷಿನಲ್ಲಿ ಟಫ್, ದೋ, ಥ್ರೂ, ಕಾಫ್ ಇವಿಷ್ಟರ ಬಾಲದಲ್ಲೂ ಅದೇ ನಾಲ್ಕು ಅಕ್ಷರ, ಓ ಯು ಜಿ ಎಚ್. ಇದಕ್ಕೆ ಕಾಗುಣಿತ ಅನ್ನೋಕೆ ನನಗೆ ಮನಸ್ಸು ಬರಲ್ಲ. ‘ಸ್ಪೆಲಿಂಗು’ ಅಂತಲೇ ಬಿಡೋಣ ಅನ್ನೋದು ನನ್ನ ಮತ. ಹೇಗೂ ಅದು ನಮ್ಮದೇ ಪದ ಆಗಿಹೋಗಿದೆ.

ಈ ಅಕ್ಷರಗಳು ಉರು ಹೊಡೆಯುವಾಗ ಮಾತ್ರ ಮೂಕವಲ್ಲ ಅನ್ನೋದನ್ನೂ ಗಮನಿಸಿ. ಪಕ್ಕದ ಕೋಣೆಯಿಂದ ಈಗ ಕೇಳುತ್ತಿರುವುದು ‘ವೆಡ್-ನೆಸ್-ಡೇ’, ‘ಡೆಬ್ಟ್’, ‘ರಿಸಿಪ್ಟ್’. ಲೆಫ್ಟಿನೆಂಟ್‌ಗೆ ‘ಲೈ-ಯು-ಟೆನ್-ಆಂಟ್, ಸುಳ್ಳು ನೀನು ಹತ್ತು ಇರುವೆ’ ಅನ್ನೋ ಹಳೇ ಉಪಾಯ ಹೇಳಿಕೊಟ್ಟೆ. “ಅದು ಸಿಲಬಸ್‌ನಲ್ಲಿಲ್ಲ ಮಾವ” ಅಂದಳು.

ಕನ್ನಡ ಮೀಡಿಯಂನಲ್ಲಿ ಓದಿದವರು ಹೇಳಿ. ನಿಮ್ಮ ಇಂಗ್ಲಿಷ್ ಮೇಷ್ಟ್ರು ಇವಕ್ಕೆ ಏನನ್ನುತ್ತಿದ್ದರು? ‘ಸೈಲೆಂಟು’ ಅಂತಲೇ ಹೇಳಿ ಮುಂದೆ ಹೋಗುತ್ತಿದ್ದರಾ, ಇಲ್ಲಾ ಕನ್ನಡದ ಪದ ಏನಾದರೂ ಇತ್ತಾ? ಆ ಕೊನೆಯ ಇ-ಗೆ ಬೇರೆ ಹೆಸರು ಕೇಳಿದ್ದರೆ ಅದನ್ನೂ ತಿಳಿಸಿ.